ಕೊರ್ಲಹಳ್ಳಿಯ ಹೆಣ – ಏಳನೆಯ ಕಂತು: ಕೆಂಪು ದೀಪ

ಹನಮಪ್ಪ ಪೆಟ್ಟಿಗೆಯಿಂದ ಮೈಕನ್ನು ಹೊರತೆಗೆದು, ಸಂತೆಯಲ್ಲಿ ಬದನೆಕಾಯಿ ಆರಿಸುವವನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಬೆರಳು ಅದರ ಜಾಲರಿಯ ಮೇಲೆ ಆಡುವುದನ್ನು ಕಂಡು ನಸ್ರೀನಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಆದರೂ ನಕ್ಕಳು. ಇವತ್ತು ನಗಲೇಬೇಕಿತ್ತು.

“ಮಾಲು ಚಲೋ ಐತ್ರಿ ಟೀಚರ್. ಹೊಸಾದು, ಇನ್ನೂ ಯಾರೂ ಹಚ್ಚಿಲ್ಲ. ಎಲ್ಲಿ ಸಿಕ್ತು?”

“ಪರಿಚಯದವರ ಮನ್ಯಾಗ ಬಿದ್ದಿತ್ತು. ನನಗ ಕೊಟ್ರು. ಹಚ್ಚಾಕ ಬರವಲ್ದು, ಅದಕ್ಕ ನಿಮ್ಮನ್ನ ಕರಸಿದ್ದು.”

“ಆತು ಬಿಡ್ರಿ, ನಾ ಬಂದೀನಲ್ಲ.”

ಅವಳು ಟೀಚರ್ ಅಲ್ಲ. ನಸ್ರೀನ ಮುಳಗುಂದ ಮೊದಲು ಪೊಲೀಸಿನಲ್ಲಿದ್ದವಳು. ಹೆಂಗಸೊಬ್ಬಳ ದೂರು ಬರೆದುಕೊಳ್ಳಲು ಒಲ್ಲೆನೆಂದ ಸಾಹೇಬನ ಎದುರು ದನಿ ಎತ್ತಿ, ಕೊನೆಗೆ ಖಾಕಿಯನ್ನೇ ಬಿಟ್ಟು, ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಮನೆಯೊಂದರ ಮಾಳಿಗೆಯ ಮೇಲೆ ಖಾಸಗಿ ತನಿಖೆಯ ಕಚೇರಿ ಇಟ್ಟವಳು. ಬಾಗಿಲ ಮೇಲಿನ ಬೋರ್ಡನ್ನು ಬೆಳಿಗ್ಗೆಯೇ ತೆಗೆದು ಮಂಚದ ಕೆಳಗೆ ತಳ್ಳಿದ್ದಳು. ಪಾಠದ ವಿಡಿಯೋ ಮಾಡುವ ಟೀಚರೊಬ್ಬರಿಗೆ ಮೈಕು ಜೋಡಿಸಿ ಕೊಡಬೇಕಂತೆ ಎಂದು ಜಾಹೀರಾತಿನ ಆಟೋ ಓಡಿಸುವ ಮಾಶಾಕನಿಂದ ಹೇಳಿಸಿ, ಲಕ್ಷ್ಮೇಶ್ವರದಿಂದ ಈ ಮನುಷ್ಯನನ್ನು ಕರೆಸಿಕೊಂಡಿದ್ದಳು.

ಒಳಕೋಣೆಯ ಪರದೆಯ ಹಿಂದೆ ಗದಿಗೆವ್ವ ಕೂತಿದ್ದಳು. ಏನೇ ಕಿವಿಗೆ ಬಿದ್ದರೂ ಹೊರಗೆ ಬರಬೇಡಿ ಎಂದು ಆಣೆ ಹಾಕಿಸಿ ಕೂರಿಸಿದ್ದಾಗಿತ್ತು.

ಗದಿಗೆವ್ವನ ಮಗ ವೀರೂನ ಹೆಣ ಕೊರ್ಲಹಳ್ಳಿಯ ಹೊಳೆಯಲ್ಲಿ ತೇಲಿ ಬಂದಿತ್ತು. ಕೊಂದವಳು ಸೊಸೆ ವಾಣಿಶ್ರೀ ಎಂದು ಪೊಲೀಸರು ಅವಳನ್ನು ಒಳಗೆ ಹಾಕಿದ್ದರು. ಊರಿಗೆ ಊರೇ ಸೊಸೆಯ ಹೆಸರಿಗೆ ಉಗಿಯುತ್ತಿದ್ದಾಗ, ನಸ್ರೀನಳ ಬಾಗಿಲು ಬಡಿದವಳು ಈ ಅತ್ತೆ. “ನನ್ನ ಸೊಸಿ ಕೊಂದಿಲ್ಲ. ಕೊಂದವರನ್ನ ಹುಡಕಿ ನನ್ನ ಮುಂದ ನಿಂದರಸು. ಮುಂದಿಂದು ನಾ ನೋಡ್ಕೋತೀನಿ.” ಅಂದೂ ಅವಳು ಅತ್ತಿರಲಿಲ್ಲ. ಸಿಟ್ಟಿನಿಂದ ಅವಳ ಗದ್ದ ನಡುಗುತ್ತಿತ್ತು, ಅಷ್ಟೇ.

ಸೊಸೆಯ ಮೇಲಿನ ಸಾಕ್ಷಿಯೆಂದರೆ ಒಂದು ದನಿಯ ತುಣುಕು. ಜಿಲ್ಲೆಯಲ್ಲಿ ಮೊಬೈಲ್ ಇದ್ದವರೆಲ್ಲರ ಹತ್ತಿರ ಈಗ ಅದು ಇತ್ತು.

‘ಪಾಪ ಅಂತ ನನಗ ಅನಸವಲ್ದು. ಹೊಳಿಗೆ ನೂಕಿದಾಕಿ ನಾನ. ಪೊಲೀಸರ ಮುಂದನೂ ಇದನ್ನ ಹೇಳ್ತೀನಿ.’

ದನಿ ವಾಣಿಶ್ರೀಯದೇ, ಅನುಮಾನವಿಲ್ಲ. ಗದಗದಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ಜಾಹೀರಾತಿನ ಆಟೋಗಳ ಮೇಲೆ ಕೂಗುತ್ತಿದ್ದುದು ಅದೇ ದನಿ. ಸೀರೆಯ ರಿಯಾಯಿತಿ ಮಾರಾಟ, ಕಣ್ಣಿನ ತಪಾಸಣೆ, ನಾಳೆ ನಳಕ್ಕೆ ನೀರು ಬರುವುದಿಲ್ಲ ಎಂಬ ಸುದ್ದಿ, ಎಲ್ಲವನ್ನೂ ಜನ ಅವಳ ಬಾಯಿಂದಲೇ ಕೇಳಿದ್ದರು. ಹೊಳೆಯ ದಂಡೆಯ ಮೇಲೆ ಅವಳು ಯಾರ ಮುಂದೆಯೋ ಬಾಯಿಬಿಟ್ಟಾಗ, ಕಿಸೆಯಲ್ಲಿದ್ದ ಮೊಬೈಲಿನಲ್ಲಿ ಕದ್ದು ಹಿಡಿದದ್ದು ಎಂಬ ಮಾತೂ ತುಣುಕಿನ ಜೊತೆಗೇ ಹರಿದಾಡಿತು. ಹಿಡಿದವರು ಯಾರು ಎಂದು ಕೇಳಿದವರಿಲ್ಲ.

ವಾಣಿಶ್ರೀ ಹೇಳಿದ್ದು ಬೇರೆ. ಅದು ನಾಟಕದ ಮಾತು, ಹೆಣ ಸಿಗುವ ಮೊದಲೇ ಲಕ್ಷ್ಮೇಶ್ವರದಲ್ಲಿ ಹನಮಪ್ಪನ ರೆಕಾರ್ಡಿಂಗ್ ರೂಮಿನಲ್ಲಿ ಅವನು ಹೇಳಿಕೊಟ್ಟ ಹಾಗೆ ನುಡಿದದ್ದು ಎಂದಳು. ಪೊಲೀಸರು ಹನಮಪ್ಪನನ್ನು ಕೇಳಿದರು. ಯಾವ ನಾಟಕವೂ ಇಲ್ಲ, ಜಾಹೀರಾತು ಬಿಟ್ಟರೆ ಆಕೆ ತನ್ನ ರೂಮಿನಲ್ಲಿ ಬೇರೆ ಏನನ್ನೂ ಓದಿಲ್ಲ ಎಂದ. ಅಲ್ಲಿಗೆ ಮುಗಿಯಿತು.

ಗದಿಗೆವ್ವನಿಗೆ ಮಾತ್ರ ಮುಗಿಯಲಿಲ್ಲ. “ನನ್ನ ಸೊಸಿ ಕೂಡ ನಾ ಎಷ್ಟ ಜಗಳಾಡೀನಿ ನಿನಗೇನ ಗೊತ್ತು? ಸಿಟ್ಟ ಬಂತಂದ್ರ ಆಕಿ ನಾಲಿಗಿ ತೊಡರತೈತಿ. ಅರ್ಧಾ ಮಾತ ನುಂಗತಾಳ. ಇದರಾಗ ನೋಡು, ಒಂದೊಂದ ಅಕ್ಷರ ತೊಳದ ಇಟ್ಟಂಗ ಐತಿ,” ಎಂದಿದ್ದಳು.

ಆ ಮಾತು ಕೇಳಿದ ಮೇಲೆಯೇ ನಸ್ರೀನ ತುಣುಕನ್ನು ಕಿವಿಗೊಟ್ಟು ಕೇಳತೊಡಗಿದ್ದು. ‘ಪಾಪ’ ಎನ್ನುವಾಗ ಒಳಗೆ ಧಪ್ ಎಂದು ಏನೋ ಬಡಿಯುತ್ತಿತ್ತು. ‘ಪೊಲೀಸರ’ ಎನ್ನುವಾಗಲೂ ಬಡಿಯುತ್ತಿತ್ತು. ಅದೇನೆಂದು ಅವಳಿಗೆ ಗೊತ್ತಾಗಿರಲಿಲ್ಲ. ಗೊತ್ತಿದ್ದವನು ಈಗ ಅವಳ ಮೇಜಿನ ಮುಂದೆ ಕೂತು ಮೈಕಿನ ವಾಯರ್ ಬಿಡಿಸುತ್ತಿದ್ದ.

“ಇದನ್ನ ಸೀದಾ ಲ್ಯಾಪ್‌ಟಾಪಿಗೆ ಚುಚ್ಚರಿ. ಬ್ಯಾರೆ ಕರೆಂಟ್ ಬೇಕಾಗಂಗಿಲ್ಲ, ಈ ವಾಯರಿನ್ಯಾಗ ಬರ್ತೈತಿ,” ಎಂದ ಹನಮಪ್ಪ. ಮೈಕಿನ ಹೊಟ್ಟೆಯಲ್ಲಿ ಹಸಿರು ದೀಪ ಹೊತ್ತಿತು. “ಹಾಂ, ಜೀವ ಬಂತು. ಈಗ ನೋಡ್ರಿ, ಎಲ್ಲಾರೂ ತಪ್ಪೂದು ಇಲ್ಲೆ.”

ಅವನು ತೆರೆಯ ಮೇಲೆ ಒಂದು ಪಟ್ಟಿ ಬಿಚ್ಚಿದ. ಎರಡು ಹೆಸರು ಕಂಡವು.

“ಮೈಕ ಚುಚ್ಚಿದ್ವಿ, ಮುಗೀತು ಅಂತ ತಿಳೀತಾರ. ಲ್ಯಾಪ್‌ಟಾಪಿಗೂ ತಂದ ಒಂದ ಮೈಕ ಇರ್ತೈತ್ರಿ. ಇಲ್ಲೆ ನೋಡ್ರಿ, ಸಾಸಿವಿಕಾಳಿನಷ್ಟ ತೂತು. ಈ ಪಟ್ಟಿ ಒಳಗ ಹೊಸಾದನ್ನ ಆರಸಲಿಲ್ಲಂದ್ರ, ಅದು ಆ ತೂತಿನಾಗಿಂದನ ಕೇಳ್ಕೋತ ಕುಂಡ್ರತೈತಿ. ನೀವು ಮೈಕಿನ ಮುಂದ ಕುಂತು ತಾಸಗಟ್ಟಲೆ ಒದರಿದ್ರೂ ಮೈಕಿಗೆ ಗೊತ್ತ ಇರಂಗಿಲ್ಲ.”

“ಅಬ್ಬಾ! ಹಂಗೂ ಆಗ್ತೈತೇನ್ರಿ?”

“ಓದಿದವರ ಬಾಳ ಮಂದಿ ಹಂಗ ಮಾಡ್ಯಾರ,” ಎಂದು ನಕ್ಕು, ಎರಡನೆಯ ಹೆಸರನ್ನು ಒತ್ತಿದ.

ಅವನಿಗೆ ಕೆಲಸ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳುವುದೇ ನಸ್ರೀನಳಿಗೆ ಸಂಕಟವಾಗಿತ್ತು. ಕೆಳಗೆ ಮಗ್ಗಗಳ ಸದ್ದು ನಡೆದೇ ಇತ್ತು; ಅವನು ಮೈಕಿನ ಬೆನ್ನನ್ನು ಕಿಟಕಿಯ ಕಡೆ ಮಾಡಿ ಇಟ್ಟ. ಇದು ಮುಂದಿನದನ್ನು ಕೇಳುತ್ತದೆ, ಹಿಂದಿನದಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲ ಎಂದ. ಹಿಂಬದಿಯ ಗುಂಡಿಯನ್ನು ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ, ಅರ್ಧಕ್ಕಿಂತ ಕಡಿಮೆ ಇಡಿ ಎಂದ. ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಹಾಕದೆ ಮೈಕಿನ ಬುಡದಲ್ಲಿದ್ದ ತೂತಿಗೇ ಹಾಕಿ, ಅವಳ ಕಿವಿಗೆ ಕೊಟ್ಟ.

“ನೆತ್ತಿ ಮ್ಯಾಲಿಂದು ಬಂದ್ ಮಾಡೂ ಬಟನ್. ಒತ್ತಿದ್ರ ಕೆಂಪ ದೀಪ ಬರ್ತೈತಿ. ಕೆಂಪ ಐತಂದ್ರ ಮೈಕ ಮೂಕ. ಸೀನು ಬಂತು, ಕೆಮ್ಮ ಬಂತು, ಮನ್ಯಾಗ ಯಾರರ ಬೈಯಾಕತ್ರು, ಟಕ್ ಅಂತ ಒತ್ತಿಬಿಡ್ರಿ. ನನಗಂತೂ ಅದ ಚಟ ಆಗೇತಿ.”

ನಸ್ರೀನ ಆ ಬಟನ್ನನ್ನೇ ನೋಡಿದಳು. ಅವಳ ಲೆಕ್ಕಾಚಾರವೆಲ್ಲ ಒಮ್ಮೆಲೇ ಕುಸಿಯಿತು. ಇವನನ್ನು ಇದೇ ಮೈಕಿನ ಮುಂದೆ ಕೂರಿಸಿ ಬಾಯಿ ಬಿಡಿಸಬೇಕು ಎಂದುಕೊಂಡಿದ್ದಳು. ಈ ಮನುಷ್ಯ ಮಾತಿಗೆ ಮುಂಚೆ ಅದನ್ನು ಒತ್ತುತ್ತಾನೆ. ಒತ್ತಿಯೇ ಒತ್ತುತ್ತಾನೆ.

“ಈಗ ರೆಕಾರ್ಡ್ ಹಚ್ಚೀನಿ. ಪ ಅಕ್ಷರ ಬರೂ ಮಾತ ಏನರ ಅನ್ರಿ.”

“ಪಾಪ,” ಎಂದಳು ನಸ್ರೀನ.

ಹೆಡ್‌ಫೋನಿನಲ್ಲಿ ಧಪ್ ಎಂದಿತು. ಅದೇ ಸದ್ದು.

“ಕೇಳಿದ್ರಿ? ಪ, ಬ ಅನ್ನೂಮುಂದ ಬಾಯಾಗಿನ ಉಸುರು ಜೋರಾಗಿ ಹೋಗಿ ಮೈಕಿಗೆ ಬಡೀತೈತಿ. ಅದಕ್ಕ ಈ ಸ್ಪಂಜಿನ ಟೊಪ್ಪಿಗಿ ಹಾಕೂದು. ಟೊಪ್ಪಿಗಿ ಇಲ್ಲಂದ್ರ ಬಾಯಿ ಒಂಚೂರ ಬಾಜೂಕ ವಾರಿ ಮಾಡಿ ಮಾತಾಡಬೇಕು.”

“ಕಿಸೇದಾಗಿನ ಮೊಬೈಲಿಗೂ ಹಿಂಗ ಬಡೀತೈತೇನ್ರಿ?”

“ಹೆಂಗ ಬಡೀತೈತ್ರಿ ಟೀಚರ್? ಉಸುರ ಬಡೀಬೇಕಂದ್ರ ಬಾಯಿ ಇದರ ಮುಂದ ಬರಬೇಕು. ಅರ್ಧ ಗೇಣಿನ ಒಳಗ.”

“ದೂರಿದ್ದವರ ಮಾತ ಕದ್ದು ಹಿಡದ್ರ?”

“ಬಡಿಯಾಂಗಿಲ್ಲ,” ಎಂದು ಅವನು ತಲೆಯೆತ್ತಿದ. “ಯಾಕ್ರಿ?”

“ಹುಡುಗರನ್ನ ಹೊರಗ ಕರಕೊಂಡ ಹೋಗಿ ಮೊಬೈಲಿನ್ಯಾಗ ತಗಿಬೇಕಂತ ಮಾಡಿದ್ದೆ. ಅದಕ್ಕ ಕೇಳಿದೆ.”

ಅವನ ಹುಬ್ಬು ಇಳಿಯಿತು. ನಸ್ರೀನ ಮಿರ್ಚಿ-ಮಂಡಕ್ಕಿಯ ತಟ್ಟೆಯನ್ನು ಅವನತ್ತ ಸರಿಸಿದಳು. ಕೆಲಸ ಮುಗಿದ ಸಮಾಧಾನದಲ್ಲಿ ಅವನು ಎರಡು ಮಿರ್ಚಿ ತಿಂದ, ಚಹಾ ಕುಡಿದ, ಎಣ್ಣೆಯ ಕೈಯಲ್ಲಿ ಮೈಕು ಮುಟ್ಟಬಾರದೆಂದು ಜಗಲಿಯ ತುದಿಯ ನಳಕ್ಕೆ ಕೈ ತೊಳೆಯಲು ಎದ್ದು ಹೋದ.

ಅವನ ಬೆನ್ನು ಬಾಗಿಲು ದಾಟಿದ್ದೇ ತಡ, ನಸ್ರೀನ ಅಲ್ಲಿಯವರೆಗಿನ ರೆಕಾರ್ಡನ್ನು ನಿಲ್ಲಿಸಿ ಉಳಿಸಿಕೊಂಡಳು. ಅವನು ತೋರಿಸಿಕೊಟ್ಟ ಪಟ್ಟಿಯನ್ನೇ ಬಿಚ್ಚಿ, ಮೊದಲನೆಯ ಹೆಸರನ್ನು ಒತ್ತಿದಳು. ಲ್ಯಾಪ್‌ಟಾಪಿನ ಸ್ವಂತ ಮೈಕು. ಮತ್ತೆ ರೆಕಾರ್ಡ್ ಹಚ್ಚಿ, ತೆರೆಯನ್ನು ತನ್ನ ಕಡೆ ತಿರುಗಿಸಿಕೊಂಡು ಕೂತಳು. ಮೇಜಿನ ಮೇಲಿನ ಮೈಕು ಹಸಿರು ದೀಪ ಉರಿಸಿಕೊಂಡು ಸುಮ್ಮನೆ ನಿಂತಿತ್ತು. ಇನ್ನು ಅದು ಕೇಳಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

ಹನಮಪ್ಪ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಬಂದು ಕೂತ. “ಮತ್ತೇನರ ಕೇಳೂದೈತೇನ್ರಿ?”

“ಒಂದ ಐತಿ.”

ನಸ್ರೀನ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದಳು. ‘ಪಾಪ ಅಂತ ನನಗ ಅನಸವಲ್ದು. ಹೊಳಿಗೆ ನೂಕಿದಾಕಿ ನಾನ…’

ಹನಮಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಅವನ ಕೈ. ಅದು ತಾನಾಗಿಯೇ ಮುಂದೆ ಬಂದು ಮೈಕಿನ ನೆತ್ತಿಯನ್ನು ಒತ್ತಿತು. ಟಕ್. ಹಸಿರು ಹೋಗಿ ಕೆಂಪು ಬಂತು. ಹೆಡ್‌ಫೋನನ್ನು ಒಂದು ಕಿವಿಗೆ ಹಿಡಿದು, ನಿಶ್ಶಬ್ದವನ್ನು ಖಾತ್ರಿ ಮಾಡಿಕೊಂಡು ಕೆಳಗಿಟ್ಟ.

“ಈಗ ಹೇಳ್ರಿ. ಯಾರ ನೀವು?”

“ನಸ್ರೀನ ಮುಳಗುಂದ.”

“ಓಹೋ.” ಅವನು ಕುರ್ಚಿಗೆ ಒರಗಿದ. “ಪೊಲೀಸಿನ್ಯಾಗಿಂದ ಓಡಿ ಬಂದ ಹೆಂಗಸ ನೀನನ. ಟೀಚರ್ ಅಂತ ಸುಳ್ಳ ಹೇಳಿ ಕರಸ್ತಿ? ನಾಚಿಗಿ ಬರಂಗಿಲ್ಲ?”

ರೀ ಹೋಗಿ ಲೇ ಬರುವ ಮಟ್ಟಕ್ಕೆ ಬಂದಿತ್ತು. ಬರಲಿ ಎಂದೇ ನಸ್ರೀನ ಕಾದಿದ್ದಳು.

“ನಾಚಿಗಿ ವಿಷಯ ಆಮ್ಯಾಲೆ ಮಾತಾಡೂಣು. ಉಸುರ ಬಡದ ಸಪ್ಪಳ ನೀನ ಈಗ ತಿಳಿಸಿ ಹೇಳಿದಿ. ಆ ಹುಡುಗಿ ಮಾತಾಡಿದ್ದು ಹೊಳಿ ದಂಡಿ ಮ್ಯಾಲೆ ಅಲ್ಲ, ಮೈಕಿನ ಮುಂದ. ಯಾರ ಮೈಕು ಹನಮಪ್ಪ?”

“ಊರಾಗ ನಂದೊಂದ ಮೈಕ ಐತೇನು?”

“ಆಕಿ ಬ್ಯಾರೆ ಎಲ್ಲೂ ರೆಕಾರ್ಡಿಂಗ್ ಮಾಡಿಲ್ಲ. ನಿನ್ನ ರೂಮ್ ಒಂದ.”

“ನನ್ನ ರೂಮಿನ್ಯಾಗ ಸಾವಿರ ಮಾತ ಆಡ್ಯಾಳ. ನಾಟಕದಾಗಿನ ಒಂದ ಮಾತ ಯಾರರ ಕತ್ತರಿಸಿ ಬಿಟ್ರ ಅದಕ್ಕ ನಾ ಏನ ಮಾಡ್ಲಿ?”

ನಸ್ರೀನ ಮೊಬೈಲನ್ನು ತನ್ನ ಕಡೆ ಎಳೆದುಕೊಂಡಳು. ಅವನಿಗೆ ತಾನು ಆಡಿದ್ದು ಕೇಳಿಸಲು ಬಿಟ್ಟಳು.

“ನಾಟಕ ಅಂತ ನಾ ಅಂದಿಲ್ಲಲ್ಲ,” ಎಂದಳು ಮೆಲ್ಲಗೆ. “ಪೊಲೀಸರ ಮುಂದ ನೀನೂ ಅಂದಿಲ್ಲ. ಯಾವ ನಾಟಕನೂ ಇಲ್ಲ ಅಂದಿದ್ದಿ.”

ಹನಮಪ್ಪನ ಕಣ್ಣು ಮೈಕಿನ ಕಡೆ ಹೊರಳಿತು. ದೀಪ ಕೆಂಪಾಗಿಯೇ ಇತ್ತು. ಅವನ ಹೆಗಲು ಸಡಿಲಾಯಿತು. ಆಮೇಲೆ ನಕ್ಕ. ಆ ನಗುವನ್ನು ಕಂಡು ನಸ್ರೀನ ಮೇಜಿನ ಕೆಳಗೆ ಮುಷ್ಟಿ ಬಿಗಿ ಹಿಡಿದಳು.

“ಹೌದು, ನಾಟಕ. ಏನ ಮಾಡ್ತಿ? ನಾನ ಓದಿಸಿದೆ, ನಾನ ಕತ್ತರಿಸಿದೆ. ಹೋಗಿ ಹೇಳು ನಿನ್ನ ಪೊಲೀಸರಿಗೆ. ಇಲ್ಲೆ ನೀನು, ನಾನು, ಈ ಮೂಕ ಮೈಕು. ಯಾರ ಕೇಳ್ಯಾರ?”

“ಯಾಕ ಮಾಡಿದಿ?”

“ಯಾಕಂತ ಕೇಳ್ತಿ?” ಅವನ ದನಿ ಏರಿತು. “ಮುಂಡರಗಿ ಮೂಲ್ಯಾಗ ಭಾಂಡೆ ತಿಕ್ಕತಿದ್ದ ಹುಡುಗಿ. ಎಲ್ಲೆ ಉಸುರ ತಗೀಬೇಕು, ಎಲ್ಲೆ ಬಿಡಬೇಕು, ಹೇಳಿಕೊಟ್ಟವ ನಾನು. ಜಿಲ್ಲಾ ತುಂಬ ಆಕಿ ದನಿ ಮಾಡಿದವ ನಾನು. ಒಂದಿನ ಬಂದು ಏನಂದ್ಲು ಗೊತ್ತೈತಿ? ‘ಸರ್, ನಾ ಸಣ್ಣದೊಂದು ಮೈಕ ತಗೊಂಡೀನಿ, ಲ್ಯಾಪ್‌ಟಾಪಿಗೆ ಚುಚ್ಚೂದು. ಇನ್ನ ಮನ್ಯಾಗ ಕುಂತ ಮಾಡ್ತೀನಿ, ನಿಮ್ಮ ರೂಮಿಗೆ ಬರಂಗಿಲ್ಲ.’ ನಕ್ಕೋತ ಹೇಳಿದ್ಲು! ನನ್ನ ರೂಮಿಗೆ, ನನ್ನ ಗ್ವಾಡಿಗೆ ಬಡದ ಸ್ಪಂಜಿಗೆ, ನನ್ನ ಅಷ್ಟ ವರ್ಷದ ಕೆಲಸಕ್ಕ ಒಂದ ಅಂಗೈ ಅಗಲದ ಮೈಕ ಸಮ ಆತು ಆಕಿಗೆ!”

“ಅದ ಮೈಕ ಇದು,” ಎಂದಳು ನಸ್ರೀನ.

ಅವನು ಮುಂದೆ ಬಾಗಿ ಮೈಕಿನ ಮೇಲೆ ಕೈಯಿಟ್ಟು ನೋಡಿದ.

“ಆಕಿ ಪೆಟ್ಟಿಗಿ ಸುದ್ದಾ ಒಡದಿರಲಿಲ್ಲ. ಅಷ್ಟರಾಗ ನೀವೆಲ್ಲಾರೂ ಕೂಡಿ ಆಕಿನ್ನ ಒಳಗ ಹಾಕಿಸಿದ್ರಿ. ನೀ ಇವತ್ತ ಜೋಡಿಸಿ ಕೊಟ್ಟದ್ದು ಆಕಿ ಮೈಕ ಹನಮಪ್ಪ. ಚಲೋ ಜೋಡಿಸಿದಿ.”

ಅವನು ಮೈಕಿನಿಂದ ಕೈಯನ್ನು ಹಿಂದೆಗೆದುಕೊಂಡ, ಬಿಸಿ ತಾಗಿದವನ ಹಾಗೆ.

“ಒಂದ ಹೆಣ್ಣಮಗಳು ತನ್ನ ಕಾಲ ಮ್ಯಾಲೆ ನಿಂದರತೀನಿ ಅಂದದ್ದಕ್ಕ ಆಕಿ ತಲಿಗೆ ಕೊಲಿ ಕಟ್ಟಿದಿ. ಥೂ! ವೀರೂನ್ನ ಕೊಂದವರು ಯಾರು? ನೀನ?”

“ನಾ ಯಾರನ್ನೂ ಕೊಂದಿಲ್ಲ!”

“ಮತ್ತ್ಯಾರು? ಹೆಣಾ ಸಿಗೂಕಿಂತ ಮೊದಲ ‘ಹೊಳಿಗೆ ನೂಕಿದೆ’ ಅನ್ನೂ ಮಾತ ಓದಿಸೀದಿ. ಹೊಳಿ ಅನ್ನೂದು ನಿನಗ ಹೆಂಗ ಗೊತ್ತಾತು?”

“ಓದಿಸು ಅಂದ್ರು, ಓದಿಸಿದೆ. ಅಷ್ಟ.”

“ಯಾರ ಅಂದ್ರು?”

ಹನಮಪ್ಪ ತುಟಿ ಕಚ್ಚಿ ಹಿಡಿದ. ಹಣೆಯ ಬೆವರು ಹುಬ್ಬಿಗೆ ಇಳಿಯಿತು. ನಸ್ರೀನ ಮೇಜಿನ ಮೇಲೆ ಎರಡೂ ಕೈ ಊರಿ ಮುಂದೆ ಬಾಗಿದಳು. ಇನ್ನೊಂದು ಮಾತು ಬಿದ್ದರೆ ಹೆಸರು ಹೊರಬರುತ್ತದೆ ಎನ್ನುವಷ್ಟರಲ್ಲಿ ಒಳಕೋಣೆಯ ಪರದೆ ಕಿತ್ತು ಬಂತು.

“ಹೇಳೋ ಭಾಡ್ಯಾ! ಯಾರಂದ್ರು ಹೇಳು!”

ಗದಿಗೆವ್ವ ಆಣೆಯನ್ನು ಎಲ್ಲಿ ಒಗೆದಳೋ. ಕೈಯಲ್ಲಿ ಚಪ್ಪಲಿ ಇತ್ತು. ಆ ಸಣಕಲು ಮುದುಕಿ ಎರಡೇ ಹೆಜ್ಜೆಗೆ ಬಂದು ಅವನ ಕೊರಳಪಟ್ಟಿ ಹಿಡಿದಳು.

“ನನ್ನ ಮಗನ್ನ ತಿಂದ್ರಿ, ಸೊಸಿನ್ನ ಜೈಲಿಗೆ ಹಾಕಿದ್ರಿ! ನಿನ್ನ ಬಾಯಾಗ ಮಣ್ಣ ಬೀಳ್ಲಿ! ಆಕಿ ನಾಲಿಗೀನ ಕತ್ತರಿಸಿ ಮಾರ್ಕೊಂಡೇನೋ ನೀನು? ನಿನಗೂ ಅವ್ವ ಅದಾಳೇನೋ, ನನ್ನಂಥಾಕಿ?”

“ಬಿಡ್ರಿ ಯಮ್ಮಾ… ಮುದುಕಿನ್ನ ಹಿಡೀರಿ…” ಹನಮಪ್ಪ ಕುರ್ಚಿಯ ಸಮೇತ ಹಿಂದೆ ಸರಿದ.

ಚಪ್ಪಲಿ ಮೇಲೆದ್ದಿತು. ಅದು ಬೀಳಲಿ ಎಂದು ನಸ್ರೀನಳಿಗೆ ಜೀವದಾಳದಿಂದ ಅನಿಸಿತು. ಬಿದ್ದರೆ ಈ ಮನುಷ್ಯ ಸೀದಾ ಠಾಣೆಗೆ ಹೋಗುತ್ತಾನೆ, ಹೊಡೆತದ ದೂರು ಕೊಡುತ್ತಾನೆ, ಬಾಯಿ ಬಿಟ್ಟದ್ದೆಲ್ಲ ಹೊಡೆಸಿ ಹೇಳಿಸಿದ್ದು ಎನ್ನುತ್ತಾನೆ. ಅವಳು ಗದಿಗೆವ್ವನ ಮಣಿಕಟ್ಟು ಹಿಡಿದಳು.

“ಅಮ್ಮಾರ, ಬ್ಯಾಡ. ನಡೀರಿ ಕೆಳಗ.”

“ಬಿಡು ನನ್ನ! ಬಿಡ ನಸ್ರೀನಾ!”

“ಬಿಡಂಗಿಲ್ಲ. ವಾಣಿಶ್ರೀ ಹೊರಗ ಬರಬೇಕೋ ಬ್ಯಾಡೋ?”

ಆ ಹೆಸರಿಗೆ ಮುದುಕಿಯ ಕೈ ಸಡಿಲಾಯಿತು. ನಸ್ರೀನ ಅವಳನ್ನು ಅರ್ಧ ಎತ್ತಿಕೊಂಡೇ ಬಾಗಿಲು ದಾಟಿಸಿದಳು. ತಿರುಗಿ ಅವನಿಗೆ, “ಕುಂಡ್ರು. ಬರ್ತೀನಿ,” ಎಂದಷ್ಟೇ ಹೇಳಿದಳು. ಲ್ಯಾಪ್‌ಟಾಪಿನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅವನೂ ನೋಡುತ್ತಿದ್ದ.

ಮೆಟ್ಟಿಲ ಬುಡದಲ್ಲಿ, ಮಗ್ಗಗಳ ಗದ್ದಲದ ಪಕ್ಕದಲ್ಲಿ, ಗದಿಗೆವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ನೇಕಾರರ ಮನೆಯ ಹೆಂಗಸೊಬ್ಬಳು ನೀರು ತಂದುಕೊಟ್ಟಳು. ಮುದುಕಿ ತಂಬಿಗೆಯನ್ನು ಮುಟ್ಟಲಿಲ್ಲ.

“ಆಣಿ ಮುರದೆ. ತಪ್ಪಾತು,” ಎಂದಳು. “ಆದ್ರ ಪರದಿ ಹಿಂದ ಕುಂತು ನನ್ನ ಎದಿ ಒಡದ ಹೋಗ್ತಿತ್ತವ್ವಾ.”

“ನನಗೂ ಹೊಡೀಬೇಕಂತ ಆಗಿತ್ರಿ,” ಎಂದಳು ನಸ್ರೀನ.

ಓಣಿಯ ಬಾಯಲ್ಲಿ ಮಾಶಾಕ ತನ್ನ ಜಾಹೀರಾತಿನ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ವಾಣಿಶ್ರೀಯ ದನಿಯನ್ನು ಆಟೋಗಳವರೆಲ್ಲ ಅಳಿಸಿ ಹಾಕಿದಾಗ ಅಳಿಸದೆ ಉಳಿಸಿಕೊಂಡವನು ಅವನೊಬ್ಬನೇ. ನಸ್ರೀನ ಅವನಿಗೆ ಕಣ್ಸನ್ನೆ ಮಾಡಿದಳು. ಮೇಲಿನಿಂದ ಬರುವವನ ಬೆನ್ನು ಹತ್ತು ಎಂದು.

ಹನಮಪ್ಪ ಮೆಟ್ಟಿಲಿಳಿದು ಬಂದ. ಚೀಲ ಹೆಗಲ ಮೇಲಿತ್ತು, ಕೊರಳಪಟ್ಟಿ ಸರಿಯಾಗಿತ್ತು. ಮೇಲೆ ಬೆವರುತ್ತಿದ್ದ ಮನುಷ್ಯ ಇವನಲ್ಲ ಎನ್ನುವಷ್ಟು ನಿರಾಳವಾಗಿದ್ದ.

“ನಿನಗ ಏನ ಮಾಡೂದೈತಿ ಮಾಡ್ಕೋ,” ಎಂದ. “ನಾ ಏನೂ ಅಂದಿಲ್ಲ, ನೀ ಏನೂ ಕೇಳಿಲ್ಲ.”

ಗದಿಗೆವ್ವ ಅವನನ್ನು ನುಂಗುವ ಹಾಗೆ ನೋಡಿದಳು. ಅವನು ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ದಾಟಿ ಹೋಗುವಾಗ ಮಾತ್ರ ಒಮ್ಮೆ ಹಿಂತಿರುಗಿ ನೋಡಿದ. ಆ ನೋಟದಲ್ಲಿ ಕನಿಕರವಿತ್ತು. ಅವನ ಬೈಗುಳಕ್ಕೆ ಹೆದರದ ನಸ್ರೀನಳಿಗೆ ಆ ಕನಿಕರ ಕಂಡು ಒಳಗೇ ಏನೋ ಅಳುಕಿತು.

ಅವನ ಹಿಂದೆ ಮಾಶಾಕನ ಆಟೋ ಸದ್ದು ಮಾಡಿ ಹೊರಟ ಮೇಲೆ ಇಬ್ಬರೂ ಮೇಲೆ ಬಂದರು. ಮೈಕಿನ ದೀಪ ಇನ್ನೂ ಕೆಂಪಾಗಿತ್ತು. ಲ್ಯಾಪ್‌ಟಾಪಿನ ತೆರೆಯ ಮೇಲೆ ದನಿಯ ಗೆರೆ ಇನ್ನೂ ಓಡುತ್ತಿತ್ತು. ನಸ್ರೀನ ಅದನ್ನು ನಿಲ್ಲಿಸಿ, ಮೊದಲಿಗೆ ಒಂದು ಪ್ರತಿ ತೆಗೆದು ಬೇರೆ ಇಟ್ಟು, ಆಮೇಲೆ ಕೇಳಲು ಹಚ್ಚಿದಳು.

ಮಗ್ಗದ ಸದ್ದು ದನಿಯ ಮೇಲೆಯೇ ಬಡಿಯುತ್ತಿತ್ತು. ಮಾತು ದೂರದಿಂದ ಬಂದ ಹಾಗಿತ್ತು, ಆದರೆ ಒಂದೂ ತಪ್ಪಿರಲಿಲ್ಲ. ‘ನಾನ ಓದಿಸಿದೆ, ನಾನ ಕತ್ತರಿಸಿದೆ.’ ನಸ್ರೀನ ಮೇಜಿಗೆ ಕೈ ಬಡಿದಳು. ಕೋರ್ಟಿನಲ್ಲಿ ಇದು ಎಷ್ಟು ನಿಲ್ಲುತ್ತದೋ ಗೊತ್ತಿಲ್ಲ, ವಾಣಿಶ್ರೀಯ ಜಾಮೀನಿಗೆ ವಕೀಲರಿಗೆ ಒಂದು ಆಧಾರವಂತೂ ಸಿಕ್ಕಿತು.

“ಕೇಳಿದ್ರೇನ್ರಿ ಅಮ್ಮಾರ? ನಿಮ್ಮ ಸೊಸಿ ಹೊರಗ ಬಂದಂಗನ.”

ಗದಿಗೆವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸುಮ್ಮನೆ ತಲೆಯಾಡಿಸಿದಳು.

ರೆಕಾರ್ಡು ಮುಂದೆ ಓಡಿತು. ಮುದುಕಿಯ ಕೂಗು, ಕುರ್ಚಿ ಸರಿಯುವ ಸದ್ದು, ‘ಕುಂಡ್ರು, ಬರ್ತೀನಿ.’ ಆಮೇಲೆ ಬರೀ ಮಗ್ಗ. ನಸ್ರೀನ ನಿಲ್ಲಿಸಲು ಕೈ ಚಾಚಿದಳು. ಆಗ ಬಾಗಿಲು ಮುಚ್ಚಿದ ಕಿರ್ರೆಂಬ ಸದ್ದು ಬಂತು. ಹಿಂದೆಯೇ ಮೊಬೈಲು ರಿಂಗಣಿಸುವ ಸದ್ದು. ಹನಮಪ್ಪ ಯಾರಿಗೋ ಫೋನು ಹಚ್ಚಿದ್ದ. ವರ್ಷಗಟ್ಟಲೆ ಲೌಡ್‌ಸ್ಪೀಕರುಗಳ ನಡುವೆ ಬದುಕಿ ಕಿವಿ ಮಂದವಾಗಿತ್ತೇನೋ, ಸ್ಪೀಕರ್ ಹಾಕಿಯೇ ಮಾತಾಡಿದ್ದ.

‘ಏನಾತು?’ ಎಂದಿತು ಆ ಕಡೆಯ ಗಂಡುದನಿ.

‘ಕೆಲಸ ಕೆಟ್ಟೈತಿ,’ ಎಂದ ಹನಮಪ್ಪ. ‘ಟೀಚರ್ ಅಲ್ಲ, ಆ ನಸ್ರೀನ. ನಾಟಕದ್ದು ಆಕಿಗೆ ಗೊತ್ತಾಗೇತಿ.’

‘ಹೆಸರ ಹೇಳಿದೇನು?’

‘ಇಲ್ಲ. ಹೇಳಿಸಿಬಿಡ್ತಿದ್ಲು. ಅಷ್ಟರಾಗ ಮುದುಕಿ ಬಂದು ಕೊರಳಪಟ್ಟಿ ಹಿಡೀತು.’

‘ಮುದುಕಿ ಅಲ್ಲಿಗ್ಯಾಕ ಬಂದಾಳ?’

‘ನಸ್ರೀನನ್ನ ಹಚ್ಚಿದಾಕಿ ಆಕಿನ ಇರಬೇಕು. ಚಪ್ಪಲಿ ಎತ್ತಿದ್ಲು ನನ್ನ ಮ್ಯಾಲೆ.’

‘ಆಕಿನ್ನ ಮುಟ್ಟಬ್ಯಾಡ. ಆಕಿ ಸಿಟ್ಟ ಹಂಗ, ತಾನ ಇಳೀತೈತಿ. ನಿನ್ನ ಮ್ಯಾಲೆ ಸಾಕ್ಷಿ ಏನೂ ಇಲ್ಲ, ಸುಮ್ಮನ ಊರಿಗೆ ನಡಿ. ವಾಣಿ ಒಳಗ ಇರೂ ಮಟ ನಮ್ಮನ್ನ ಯಾರೂ ಹುಡುಕಂಗಿಲ್ಲ.’

ಫೋನು ಕಟ್ ಆಯಿತು.

ನಸ್ರೀನ ಅದನ್ನು ಹಿಂದೆ ಸರಿಸಿದಳು. ಆ ದನಿ ಅವಳಿಗೆ ಪರಿಚಯವಿರಲಿಲ್ಲ. ಮುಂಡರಗಿಯ ಕಡೆಯ ಮಾತು, ಮೂವತ್ತರ ಆಸುಪಾಸಿನ ಗಂಡಸು, ಯಾವ ಗಾಬರಿಯೂ ಇಲ್ಲ. “ಅಮ್ಮಾರ, ಈ ದನಿ ಎಲ್ಯರ ಕೇಳೀರೇನು?” ಎಂದು ತಿರುಗಿದಳು.

ಗದಿಗೆವ್ವ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ತಿಳಿಯಲಿಲ್ಲ. ಒಂದು ಕೈ ಗೋಡೆಯ ಮೇಲಿತ್ತು.

“ಇನ್ನೊಮ್ಮೆ ಹಚ್ಚು.”

ನಸ್ರೀನ ಹಚ್ಚಿದಳು.

“ಇನ್ನೊಮ್ಮೆ.”

ಮತ್ತೆ ಹಚ್ಚಿದಳು. ‘ಆಕಿ ಸಿಟ್ಟ ಹಂಗ, ತಾನ ಇಳೀತೈತಿ.’ ಮುದುಕಿ ಕಣ್ಣು ಮುಚ್ಚಿ ಕೇಳಿದಳು. ಕಣ್ಣು ತೆರೆದಾಗ ಅದರಲ್ಲಿ ನೀರಿರಲಿಲ್ಲ. ಹನಮಪ್ಪನ ಕೊರಳಪಟ್ಟಿ ಹಿಡಿದಾಗ ಇದ್ದುದಕ್ಕಿಂತ ದೊಡ್ಡ ಬೆಂಕಿ ಇತ್ತು.

“ಈ ಮಾತ ಅವ ಸಣ್ಣಾಂವ ಇದ್ದಾಗಿಂದ ನನಗ ಅನಕೋತ ಬಂದಾನ,” ಎಂದಳು. “ನನ್ನ ವೀರೂನ ದನಿ ಇದು.”

ನಸ್ರೀನಳಿಗೆ ಒಂದು ಗಳಿಗೆ ಕೆಳಗಿನ ಮಗ್ಗಗಳೂ ಕೇಳಿಸದಾದವು.

“ಅಮ್ಮಾರ… ಹೆಣಾ ನೀವ ಗುರ್ತ ಹಿಡದಿದ್ರಿ. ಪೊಲೀಸರ ಮುಂದ ಹೌದು ಅಂದಿದ್ರಿ.”

“ಅಂಗಿ ಗುರ್ತ ಹಿಡದಿದ್ದೆ! ನಾನ ಕೊಡಿಸಿದ ಅಂಗಿ. ಕೈಯಾಗ ಅವನ ಕಡಗ. ಮಖ ಎಲ್ಲಿತ್ತವ್ವಾ ನೋಡಾಕ? ಮೀನ ತಿಂದು ಮುಗಿಸಿದ್ದವು.”

ಅವಳು ಮೇಜಿನ ಹತ್ತಿರ ಬಂದಳು. ಎರಡೂ ಅಂಗೈಗಳನ್ನು ತನ್ನ ಮುಖದ ಮುಂದೆ ಹಿಡಿದು, ಅವು ಯಾರದೋ ಕೈಗಳೆಂಬಂತೆ ನೋಡಿಕೊಂಡಳು.

“ನನ್ನ ಕೈಯಾರೆ ವಿಭೂತಿ ಹಚ್ಚಿದೆ. ನನ್ನ ಕೈಯಾರೆ ಮಣ್ಣ ಹಾಕಿದೆ. ಹೇಳ ನಸ್ರೀನಾ, ಅಲ್ಲೆ ಮಲಗಿಸಿದ್ದು ಯಾರ ಮಗನ್ನ?”